ಎಡಗೈ ಡಾಕ್ಟರರ ಟೇಬಲ್ಲು

ಈ ಬರಹವನ್ನು ನಿಜವಾಗಿ ಬರೆಯಬೇಕಾಗಿದ್ದವಳು ನನ್ನ ತಂಗಿ ಸುಮಾ. ಪುಣೆಯ ನಮ್ಮ ಕನ್ನಡ ಬಳಗದವರು ವರ್ಷಕ್ಕೊಮ್ಮೆ ಒಂದು ಸಂಚಿಕೆ ತರುತ್ತಾರೆ. ನರ್ಸಿಂಗ್ ಕಲಿತು ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಉಪಯೋಗವಾಗಲಿ, ಆಪರೇಶನ್ ಥಿಯೇಟರಿನ ಅನುಭವ ಬರೆದುಕೊಡಿ ಎಂದು ಅವರು ಮೊದಲು ಕೇಳಿದ್ದು ಅವಳನ್ನೇ. ಅವಳು ಒಪ್ಪಿಕೊಂಡಿದ್ದಳು. ಆಮೇಲೆ ಕಾಯಿಲೆ ಬಿದ್ದಳು, ದಸರೆಗೆ ಮುಂಚೆ ತೀರಿಕೊಂಡಳು. ದಿನಕರ್ಮಗಳೆಲ್ಲ ಮುಗಿದ ಮೇಲೆ ಬಳಗದವರೊಬ್ಬರು ಫೋನು ಮಾಡಿ, “ನೀವೂ ಅದ ಕೆಲಸದಾಗ ಇದ್ರಲ್ಲರಿ ಬಾಯಾರ, ಅವರ ಬದಲಿ ನೀವ ಬರದು ಕೊಡ್ರಿ” ಎಂದರು.

ಅವರ ಬದಲಿ. ಸುಮಾ ನನಗಿಂತ ಎಂಟು ವರ್ಷ ಚಿಕ್ಕವಳು. ಅದೇ ಆಸ್ಪತ್ರೆಗೆ ನನಗಿಂತ ಬಹಳ ತಡವಾಗಿ ಸೇರಿದವಳು. ಆದರೂ ಬದಲಿಯವಳು ನಾನು.

ಓದುವ ಹುಡುಗಿಯರಿಗೆ ಒಂದು ಮಾತು ಮೊದಲೇ ತಿಳಿದಿರಲಿ. ನಾನು ನನ್ನ ತಂಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು. ಒಂದೆರಡು ದಿನವಲ್ಲ, ನೌಕರಿಯುದ್ದಕ್ಕೂ. ಅವಳ ಒಳ್ಳೆಯತನದ ಬಗ್ಗೆ ಶೋಕಸಭೆಯಲ್ಲಿ ಎಲ್ಲರೂ ಮಾತಾಡಿಯಾಗಿದೆ, ಅವೆಲ್ಲ ನಿಜವೇ. ಆದರೆ ಈ ಕೆಲಸದ ಬಗ್ಗೆ ನಾನು ಏನು ಬರೆಯಹೋದರೂ ನಡುವೆ ಅವಳು ಬರುತ್ತಾಳೆ. ಅವಳನ್ನು ಬಿಟ್ಟು ಬರೆಯಲು ಎರಡು ಸಲ ಕೂತೆ, ಆಗಲಿಲ್ಲ.

ನಾವಿಬ್ಬರೂ ಹುಟ್ಟಾ ಎಡಚಿಯರು. ಅಲ್ಲಿಂದಲೇ ಶುರು ಮಾಡಬೇಕು.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಅಜ್ಜಿಯ ಮನೆಯಲ್ಲಿ. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳ ಮುಂದೆ ಅವ್ವ ಜೋರಾಗಿ ಉಸಿರಾಡುತ್ತಿರಲಿಲ್ಲ. ಒಂದು ದಿನ ನಾನು ಚಿಕ್ಕವಳು ಓಡಿ ಬಂದು ಅಜ್ಜಿಯ ತಾಟಿಗೆ ಎಡಗೈಯಿಂದ ಒಂದು ರೊಟ್ಟಿ ಇಟ್ಟೆನಂತೆ. ಅಜ್ಜಿ ತಾಟನ್ನು ಹಾಗೇ ಮುಂದಕ್ಕೆ ಸರಿಸಿ ಎದ್ದುಹೋದಳು. “ಎಡಗೈಲೆ ನೀಡಿದ್ದು ನನಗ ಬ್ಯಾಡ. ನಿನ್ನ ಮಗಳಿಗೆ ನೀ ಏನ್ ಕಲಿಸೀ ಅನ್ನೋದು ಕಾಣಸ್ತದ” ಎಂದದ್ದು ಅವ್ವನಿಗೆ. ಅಂದಿನಿಂದ ನನ್ನ ಎಡಗೈ ಅವ್ವನ ವೈರಿಯಾಯಿತು. ಸೌಟಿನ ಹಿಡಿಕೆಯಿಂದ ಬೆರಳ ಗೆಣ್ಣಿಗೆ ಏಟು. ಊಟದ ಹೊತ್ತಿಗೆ ಹಳೆಯ ಸೀರೆಯ ಅಂಚಿನಿಂದ ಎಡಗೈಯನ್ನು ಲಂಗದ ಲಾಡಿಗೆ ಕಟ್ಟುವುದು. ಶಾಲೆಯಲ್ಲಿ ಗುರುಗಳಿಗೂ ಹೇಳಿಟ್ಟಿದ್ದಳು. ನಾನು ಬಲಗೈಯವಳಾದೆ. ಊಟ, ಬರವಣಿಗೆ, ಬಡಿಸುವುದು, ಆರತಿ, ಎಲ್ಲ ಬಲಗೈ. ಯಾರೂ ನೋಡದಾಗ ಹುಣಸೆಕಾಯಿಗೆ ಕಲ್ಲು ಹೊಡೆಯುವುದು ಮಾತ್ರ ಎಡಗೈಯೇ ಉಳಿಯಿತು. ಅದನ್ನು ತಿದ್ದಬೇಕೆಂದು ಯಾರಿಗೂ ತೋಚಿರಲಿಲ್ಲ.

ಮುಂದೆ ಅಪ್ಪನಿಗೆ ಪಿಂಪ್ರಿಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ನಾವು ನಿಗಡಿಗೆ ಬಂದೆವು. ಅಜ್ಜಿ ಊರಲ್ಲೇ ತೀರಿಕೊಂಡಳು. ಸುಮಾ ಹುಟ್ಟಿದ್ದು ಇಲ್ಲಿ. ಅವಳು ಕೂತು ಉಣ್ಣುವಷ್ಟು ದೊಡ್ಡವಳಾದಾಗ ಎಡಗೈಯಿಂದಲೇ ಅನ್ನ ಕಲಸಿದಳು. ನಾನು ಓಡಿಹೋಗಿ ಅವ್ವನಿಗೆ ಹೇಳಿದೆ. ಸೌಟು ಬರುತ್ತದೆ ಎಂದು ಕಾದೆ. ಅವ್ವ ತಿರುಗಿಯೂ ನೋಡದೆ, “ಇರ್ಲಿ ಬಿಡು” ಎಂದಳು.

ಇರ್ಲಿ ಬಿಡು. ಅಷ್ಟೇ.

ದೊಡ್ಡವಳಾದ ಮೇಲೆ ಒಂದು ಸಲ ಅವ್ವನನ್ನು ಕೇಳಿದೆ, ನನಗೆ ಹಾಗೆ ಮಾಡಿದವಳು ಅವಳಿಗೇಕೆ ಹೀಗೆ ಬಿಟ್ಟೆ ಎಂದು. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. “ನಿನ್ನ ಹೊತ್ತಿಗೆ ನಿಮ್ಮಜ್ಜಿ ಇದ್ಲು” ಎಂದಳು. ಉತ್ತರ ಸರಿಯಾಗಿಯೇ ಇತ್ತು. ಆದರೆ ನನಗೆ ಬೇಕಾಗಿದ್ದದ್ದು ಅದಲ್ಲ. ಇಬ್ಬರಲ್ಲಿ ಯಾರು ಅವ್ವನಿಗೆ ಹೆಚ್ಚು ಎಂಬುದು ನನಗೆ ಬೇಕಾಗಿತ್ತು. ಹಾಗೆ ಬಾಯಿ ಬಿಟ್ಟು ಕೇಳುವ ವಯಸ್ಸು ಆಗಲೇ ದಾಟಿತ್ತು.

ಇನ್ನು ಕೆಲಸಕ್ಕೆ ಬರುತ್ತೇನೆ.

ನಾನು ಥಿಯೇಟರಿಗೆ ಸೇರಿದಾಗ ಈಗಿನ ಸೌಕರ್ಯ ಯಾವುದೂ ಇರಲಿಲ್ಲ. ಕೈಗವಸನ್ನು ಒಂದು ಸಲ ಹಾಕಿ ಎಸೆಯುವುದು ನಮಗೆ ಗೊತ್ತಿರಲಿಲ್ಲ. ತೊಳೆದು, ಊದಿ ತೂತಿದೆಯೇ ನೋಡಿ, ಒಣಗಿಸಿ, ಪೌಡರ್ ಹಚ್ಚಿ, ಮತ್ತೆ ಹಬೆಯ ಡಬ್ಬಿಗೆ ಹಾಕುತ್ತಿದ್ದೆವು. ಊದಿ ಊದಿ ಸಂಜೆಗೆ ಕೆನ್ನೆ ನೋಯುತ್ತಿತ್ತು. ಹೊಲಿಗೆಯ ದಾರ ಸುರುಳಿಯಲ್ಲಿ ಬರುತ್ತಿತ್ತು, ಸೂಜಿಗೆ ನಾವೇ ಪೋಣಿಸಬೇಕು. ಈಗ ಸೂಜಿಯೂ ದಾರವೂ ಒಂದೇ ಆಗಿ ಪೊಟ್ಟಣದಲ್ಲಿ ಬರುತ್ತವೆ. ಹೊಸ ಹುಡುಗಿಯರು ನಮ್ಮ ಕಾಲದ ಮಾತು ಕೇಳಿ ನಗುತ್ತಾರೆ. ನಗಲಿ.

ಬದಲಾಗದ್ದು ಒಂದಿದೆ, ಸಾಮಾನು ಕೊಡುವ ರೀತಿ. ಸರ್ಜನ್ ಗಾಯದಿಂದ ಕಣ್ಣು ತೆಗೆಯುವುದಿಲ್ಲ, ಕೈ ಮಾತ್ರ ಚಾಚುತ್ತಾರೆ. ಆ ಅಂಗೈಯಲ್ಲಿ ಸಾಮಾನು ಟಪ್ ಎಂದು ಕೂರಬೇಕು, ಕೂತ ಹಾಗೆಯೇ ಬಳಸುವಂತಿರಬೇಕು. ಸೂಜಿ ಹಿಡಿಯುವ ಇಕ್ಕಳವನ್ನು ಕೊಡುವಾಗ ಸೂಜಿಯ ಮೊನೆ ಅವರಿಗೆ ಬೇಕಾದ ಕಡೆಗೇ ತಿರುಗಿರಬೇಕು. ಅವರು ಬೆರಳಲ್ಲಿ ಅದನ್ನು ತಿರುಗಿಸಿಕೊಳ್ಳುವಂತಾದರೆ ನೀವು ಕೆಲಸ ಕೆಡಿಸಿದಿರಿ ಎಂದೇ ಅರ್ಥ.

ನಮ್ಮ ಥಿಯೇಟರಿನ ಮೇಲ್ವಿಚಾರಕಿ ಶಿಂದೆ ಬಾಯಿ. ಗಟ್ಟಿ ಹೆಂಗಸು, ಕೊಲ್ಹಾಪುರದ ಕಡೆಯವರು. ಬೈದರೆ ಮೂರು ಕೋಣೆ ಆಚೆ ಕೇಳಿಸುತ್ತಿತ್ತು, ಆದರೆ ಮಧ್ಯಾಹ್ನ ತಮ್ಮ ಡಬ್ಬಿಯ ಭಾಕರಿಯಲ್ಲಿ ಅರ್ಧ ಮುರಿದು ಕೈಗಿಡುತ್ತಿದ್ದರು. ಹೊಸದರಲ್ಲಿ ಒಂದು ದಿನ ತುರ್ತು ಆಪರೇಶನ್ನು. ರಕ್ತ ಚಿಮ್ಮಿತು. ಸರ್ಜನ್ ಇಕ್ಕಳ ಕೇಳುವ ಮುಂಚೆಯೇ ನನ್ನ ಎಡಗೈ ಹಾರಿ ಹೋಗಿ ಟ್ರಾಲಿಯಿಂದ ಅದನ್ನು ಎತ್ತಿ ಕೊಟ್ಟುಬಿಟ್ಟಿತ್ತು. ನಾನು ಕೊಟ್ಟೆನೆಂದು ನನಗೇ ಗೊತ್ತಾಗಲಿಲ್ಲ. ಮುಗಿದ ಮೇಲೆ ಶಿಂದೆ ಬಾಯಿ ಕೈ ತೊಳೆಯುತ್ತ ಮರಾಠಿಯಲ್ಲಿ ಕೇಳಿದರು:

“ಡಾವಖುರೀ ಆಹೇಸ ಕಾ ತೂ?” ಎಡಚಿಯೇನೇ ನೀನು?

“ನಾಹೀ ಬಾಈ. ಬಲಗೈಯಿಂದಲೇ ಬರೆಯುತ್ತೇನೆ.”

“ಬರೆಯುವುದನ್ನು ಯಾರು ಕೇಳಿದರು? ಹೆದರಿದಾಗ ಯಾವ ಕೈ ಬರುತ್ತದೋ ಅದೇ ನಿನ್ನ ಕೈ” ಎಂದು ನಕ್ಕು ಹೋದರು.

ಅದೇ ಕಾರಣಕ್ಕೆ ಮುಂದೆ ಕಾಳೆ ಸರ್ ಅವರ ಟೇಬಲ್ಲು ನನ್ನ ಪಾಲಿಗೆ ಬಂತು.

ಕಾಳೆ ಸರ್ ಪ್ಲಾಸ್ಟಿಕ್ ಸರ್ಜನ್. ಆ ದಿನಗಳಲ್ಲಿ ಪಿಂಪ್ರಿ, ಭೋಸರಿ, ಚಿಂಚವಾಡದ ಕಾರ್ಖಾನೆಗಳಿಂದ, ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕ ಕೈಗಳು ನಮ್ಮಲ್ಲಿಗೆ ಬರುತ್ತಿದ್ದವು. ಹರಿದ ನರ, ಸ್ನಾಯು, ಕೂದಲಿನಂಥ ರಕ್ತನಾಳ, ಎಲ್ಲ ಕೂತು ಹೊಲಿಯುವ ಕೆಲಸ. ಸರ್ ಹೊಲಿಯುತ್ತಿದ್ದದ್ದು ಎಡಗೈಯಿಂದ. ಕತ್ತರಿಯಿಂದ ಹಿಡಿದು ಇಕ್ಕಳದ ಹಲ್ಲಿನವರೆಗೆ ಥಿಯೇಟರಿನ ಸಾಮಾನೆಲ್ಲ ಬಲಗೈಗೆ ಮಾಡಿದ್ದು. ಅವರ ಟೇಬಲ್ಲಿಗೆ ಹೋದ ನರ್ಸುಗಳು ಎಲ್ಲ ತಿರುವುಮುರುವಾಗಿ, ಬೈಸಿಕೊಂಡು, ಅತ್ತು ಬರುತ್ತಿದ್ದರು. ಶಿಂದೆ ಬಾಯಿ ನನ್ನನ್ನು ಕಳಿಸಿದರು.

ಮನೆಯಲ್ಲಿ ಕನ್ನಡಿಯ ಮುಂದೆ ಕೂತು, ಚಿಮಟಕ್ಕೆ ಹೊಲಿಗೆ ಸೂಜಿ ಸಿಕ್ಕಿಸಿ, ಮೊನೆಯನ್ನು ಬಲಕ್ಕೆ ತಿರುಗಿಸಿ ಕೊಡುವುದನ್ನು ರೂಢಿ ಮಾಡಿಕೊಂಡೆ. ಕನ್ನಡಿಯಲ್ಲಿ ಕಂಡ ಕೈಗೆ ಕೊಡುತ್ತಿದ್ದೆ. ಕಾಳೆ ಸರ್ ಹೊಗಳುವವರಲ್ಲ. ಮೊದಲ ತಿಂಗಳು ಬೈದರು, ಎರಡನೆಯ ತಿಂಗಳು ಬೈಯಲಿಲ್ಲ. ಆಮೇಲೆ ಕೆಲವು ವರ್ಷ ಅವರ ಟೇಬಲ್ಲು ಎಂದರೆ ನಾನೇ. ಬೇರೆ ಡಾಕ್ಟರು ಕರೆದರೆ, “ಅವಳು ಕಾಳೆಯವರ ಸಿಸ್ಟರ್, ಬಿಡಿ” ಎಂದು ಶಿಂದೆ ಬಾಯಿಯೇ ಹೇಳಿ ಕಳಿಸುತ್ತಿದ್ದರು. ನನ್ನ ಜೀವನದಲ್ಲಿ ನನ್ನದು ಎಂದು ಅನ್ನಿಸಿದ ಜಾಗ ಅದೊಂದೇ.

ಒಂದು ದಿನ ಚಹಾ ಕುಡಿಯುವಾಗ ಸರ್ ತಮ್ಮ ಬಾಲ್ಯದ ಮಾತು ತೆಗೆದರು. ಅವರು ಮಗುವಾಗಿದ್ದಾಗ ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದ ದಿನ ಮನೆಯವರು ವಾಡೆಯ ತುಂಬ ಪೇಢೆ ಹಂಚಿದರಂತೆ. ಅವರ ಅಜ್ಜ ಎಡಚರು. ಮೊಮ್ಮಗ ಹುಟ್ಟುವ ಮುನ್ನ ತೀರಿಕೊಂಡಿದ್ದರು. “ಆಜೋಬಾ ತಿರುಗಿ ಬಂದರು” ಎಂದು ಅಜ್ಜಿ ಮಗುವಿನ ಎಡಗೈಗೆ ಮುತ್ತಿಟ್ಟು ಅತ್ತಳಂತೆ. ತಾಟಿಗೆ ಬಲಗೈ ಹಾಕು, ಮಿಕ್ಕದ್ದೆಲ್ಲ ನಿನ್ನಿಷ್ಟ ಎಂದರಂತೆ.

ಹೇಳಿ ಸರ್ ನಕ್ಕರು. ನಾನೂ ನಕ್ಕೆ. ಅದೇ ಕೈಗೆ ಒಂದು ಮನೆಯಲ್ಲಿ ಪೇಢೆ, ಒಂದು ಮನೆಯಲ್ಲಿ ಸೌಟು. ಅಂದು ಮಧ್ಯಾಹ್ನ ಅವರ ಎಡಗೈ ನನ್ನ ಮುಂದೆ ಚಾಚಿದಾಗಲೆಲ್ಲ ನನಗೆ ಆ ಪೇಢೆಯೇ ಕಾಣುತ್ತಿತ್ತು. ಸಾಮಾನು ಮಾತ್ರ ಸರಿಯಾಗಿಯೇ ಕೊಟ್ಟೆ.

ಹೀಗಿರುವಾಗ ಸುಮಾ ನರ್ಸಿಂಗ್ ಮುಗಿಸಿ ಅದೇ ಆಸ್ಪತ್ರೆಗೆ ಬಂದಳು. ಬರಲಿ ಎಂದು ಶಿಫಾರಸು ಮಾಡಿದವಳೂ ನಾನೇ. ತಂಗಿಯಲ್ಲವೇ.

ನನ್ನ ಹೆರಿಗೆಗೆ ರಜೆ ಹಾಕಿದೆ. ನನ್ನ ಜಾಗದಲ್ಲಿ ಸುಮಾಳನ್ನು ನಿಲ್ಲಿಸಿದರು. ಸಂಜೆ ಅವಳು ಬಾಣಂತಿಯ ಕೋಣೆಗೆ ಬಂದು, ನನ್ನ ಮಗುವನ್ನು ಎಡ ತೋಳಿನಲ್ಲಿ ಎತ್ತಿಕೊಂಡು ಕತೆ ಹೇಳುತ್ತಿದ್ದಳು.

“ಅಕ್ಕಾ, ಎಲ್ಲಾರೂ ಅವರಿಗೆ ಯಾಕ ಅಷ್ಟ ಅಂಜತಾರ? ನನಗೇನ್ ಒಂದ ಮಾತ ಅನ್ನಲಿಲ್ಲ.”

“ಸೂಜಿ ಮಾರಿ ಯಾ ಕಡೆ ಇಟ್ಟಿದ್ದಿ?”

“ಯಾ ಕಡೆ ಅಂದ್ರ? ನಾ ಹೊಲಿಯೂದಾದ್ರ ಹೆಂಗ ಹಿಡಿತಿದ್ದೆ, ಹಂಗ ಕೊಟ್ಟೆ.”

ನನಗೆ ಆ ಮಾತು ಇಂದಿಗೂ ನೆನಪಿದೆ. ನಾನು ಪ್ರತಿಯೊಂದನ್ನೂ ಮನಸ್ಸಿನಲ್ಲಿ ತಿರುವಿ ಹಾಕಿ, ಕನ್ನಡಿ ನೆನೆದು ಕೊಡುತ್ತಿದ್ದೆ. ಅವಳು ಯೋಚಿಸುತ್ತಲೇ ಇರಲಿಲ್ಲ. ಸರ್ ಅವರ ಕೈ ಚಾಚುವುದರೊಳಗೆ ಅವಳ ಕೈ ಅಲ್ಲಿರುತ್ತಿತ್ತು.

ರಜೆ ಮುಗಿಸಿ ಹೋದ ದಿನ ಎಂದಿನಂತೆ ಕೈ ತೊಳೆದುಕೊಳ್ಳಲು ನಿಂತೆ. ಶಿಂದೆ ಬಾಯಿ ಬಂದು ನಲ್ಲಿ ನಿಲ್ಲಿಸಿದರು. ಅವರು ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ನೀನು ಇವತ್ತು ಎರಡನೇ ಥಿಯೇಟರಿಗೆ ಹೋಗು, ಹರ್ನಿಯಾ ಇದೆ.”

“ಕಾಳೆ ಸರ್ ಟೇಬಲ್ಲು?”

“ಅವರು ಧಾಕಟಿ ಬೇಕೆಂದರು.”

ಧಾಕಟಿ ಎಂದರೆ ಚಿಕ್ಕವಳು. ನನ್ನ ಹೆಸರನ್ನೂ ಹೇಳಿರಲಿಲ್ಲ, ಅವಳ ಹೆಸರನ್ನೂ ಹೇಳಿರಲಿಲ್ಲ. ನಮ್ಮಿಬ್ಬರಲ್ಲಿ ಚಿಕ್ಕವಳು ಬೇಕು, ಅಷ್ಟೇ. ನಾನು ಎರಡನೇ ಥಿಯೇಟರಿಗೆ ಹೋದೆ. ನಿವೃತ್ತಿಯವರೆಗೂ ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು. ಒಳ್ಳೆಯ ಕೆಲಸವೇ. ಬಲಗೈ ಡಾಕ್ಟರರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ನಡುವಿನ ಬಾಗಿಲಿನ ಗಾಜಿನಾಚೆ ಆ ಟೇಬಲ್ಲಿನ ದೀಪ ಕಾಣುತ್ತಿತ್ತು. ಎರಡು ಎಡಗೈಗಳು ಮಾತಿಲ್ಲದೆ ಕೊಟ್ಟು ತೆಗೆದುಕೊಳ್ಳುವುದು ಕಾಣುತ್ತಿತ್ತು. ನಾನು ಆ ಕಡೆ ಬೆನ್ನು ಮಾಡಿ ನಿಲ್ಲುವಂತೆ ನನ್ನ ಟ್ರಾಲಿಯನ್ನು ಸರಿಸಿಕೊಂಡೆ.

ಈಗ ಹೊಸ ಹುಡುಗಿಯರಿಗೆ ಕೆಲಸಕ್ಕೆ ಬರುವ ಒಂದು ಪ್ರಸಂಗ.

ಭೋಸರಿಯಿಂದ ಒಬ್ಬ ಪ್ರೆಸ್ ಕೆಲಸದವನನ್ನು ತಂದರು. ವಿಜಾಪುರದ ಕಡೆಯ ಮನುಷ್ಯ. ಎರಡೂ ಕೈ ಜಜ್ಜಿಹೋಗಿದ್ದವು, ಪ್ರಜ್ಞೆ ಸರಿಯಾಗಿರಲಿಲ್ಲ. ರಕ್ತ ಹರಿಯದ ಬೆರಳು ಬಹಳ ಹೊತ್ತು ಕಾಯುವುದಿಲ್ಲ. ಕಾಳೆ ಸರ್ ಮೊದಲು ಯಾವ ಕೈಗೆ ಕೂರಬೇಕು? ಅವನು ದುಡಿಯುವ ಕೈಗೆ. ಅದು ಯಾವುದು ಎಂದು ಹೆಂಡತಿಯನ್ನು ಕೇಳಲು ಸಣ್ಣ ಡಾಕ್ಟರು ಹೊರಗೆ ಬಂದರು. ಅವಳಿಗೆ ಕನ್ನಡ ಬಿಟ್ಟು ಬೇರೆ ಬರದು. ನಾನು ಅಲ್ಲಿದ್ದೆ, ಸುಮಾ ಟೋಪಿ ಕಟ್ಟಿಕೊಳ್ಳುತ್ತ ಹಿಂದೆ ನಿಂತಿದ್ದಳು.

ಡಾಕ್ಟರು ಹಿಂದಿಯಲ್ಲಿ, ಯಾವ ಕೈಯಿಂದ ಊಟ ಮಾಡುತ್ತಾನೆ ಕೇಳಿ ಎಂದರು. ನಾನು ಕೇಳಿದೆ.

“ಬಲಗೈಲೇರಿ ಮತ್ತ” ಎಂದಳು ಅವಳು ಅಳುವಿನ ನಡುವೆ. “ಎಡಗೈಲೆ ಉಣ್ಣಾಕ ನಾವೇನ್ ಮನಿಶಾರ ಅಲ್ಲೇನ್ರಿ?”

ಡಾಕ್ಟರು ಬಲಗೈ ಎಂದುಕೊಂಡು ತಿರುಗಿದರು. ನನ್ನ ಬಾಯಲ್ಲಿ ಮಾತು ಬಂದಿತ್ತು. ನಿಜವಾಗಿಯೂ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಸುಮಾ ಕೂಗಿದಳು:

“ಯವ್ವಾ, ಸಿಟ್ಟ ಬಂದಾಗ ನಿನ್ನ ಮ್ಯಾಲೆ ಚರಿಗಿ ಯಾವ ಕೈಲೆ ಒಗಿತಾನ?”

ಆ ಹೆಂಗಸು ಒಂದು ಕ್ಷಣವೂ ಯೋಚಿಸಲಿಲ್ಲ. “ಅದ ಎಡಗೈಲೇರಿ. ಒಮ್ಮಿನೂ ಗುರಿ ತಪ್ಪಿಲ್ಲ.”

ಅಂಥ ಹೊತ್ತಿನಲ್ಲೂ ಅಲ್ಲಿದ್ದ ಆಯಾಗಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಸರ್ ಎಡಗೈಗೆ ಮೊದಲು ಕೂತರು. ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಉಳಿದವು. ಬಲಗೈಯ ಬೆರಳುಗಳು ಹೋದವು. ಮುಂದೆ ಅವನು ಕೆಲಸಕ್ಕೂ ಹೋದ ಎಂದು ಕೇಳಿದೆ. ಚರಿಗೆ ಎಸೆಯುವುದನ್ನು ಬಿಟ್ಟನೋ ಇಲ್ಲವೋ ತಿಳಿಯದು.

ನಮ್ಮ ಜನರಲ್ಲಿ ಊಟದ ಕೈ ಕೇಳಿದರೆ ಎಲ್ಲರೂ ಬಲಗೈಯವರೇ. ಅದು ಅವರ ಕೈಯಲ್ಲ, ಅವರ ಮನೆತನದ ಕೈ. ಬರೆಯುವ ಕೈ ಗುರುಗಳದ್ದು. ಯಾರೂ ಕಲಿಸದ ಕೆಲಸವನ್ನು ಯಾವ ಕೈ ಮಾಡುತ್ತದೆ ಎಂದು ಕೇಳಿ: ಕಲ್ಲು ಎಸೆಯುವುದು, ಸೊಳ್ಳೆ ಹೊಡೆಯುವುದು, ಕತ್ತಲಲ್ಲಿ ತಡಕುವುದು. ನಮ್ಮ ಆಸ್ಪತ್ರೆಯಲ್ಲಿ ಅಂದಿನಿಂದ ಹಾಗೆಯೇ ಕೇಳತೊಡಗಿದರು. ಅದಕ್ಕೆ ಸುಮಾ ಸಿಸ್ಟರರ ಪ್ರಶ್ನೆ ಎಂದೇ ಹೆಸರು ಬಿತ್ತು. ಹೊಸಬರಿಗೆ ಕಲಿಸುವಾಗ ಡಾಕ್ಟರರೂ ಹಾಗೆಯೇ ಹೇಳುತ್ತಿದ್ದರು.

ಆದರೆ ಅದು ಅವಳಿಗೆ ಎಲ್ಲಿಂದ ಗೊತ್ತಾಯಿತು? ಅವಳು ಎಲ್ಲವನ್ನೂ ಎಡಗೈಯಿಂದಲೇ ಮಾಡಿದವಳು. ಬಲಗೈಯಿಂದ ಉಂಡು ಎಡಗೈಯಿಂದ ಕಲ್ಲೆಸೆದವಳು ನಮ್ಮ ಮನೆಯಲ್ಲಿ ಒಬ್ಬಳೇ. ಅವಳು ಕಲಿತದ್ದು ನನ್ನನ್ನು ನೋಡಿ. ಏಟು ತಿಂದದ್ದು ನನ್ನ ಗೆಣ್ಣು, ಹೆಸರು ಬಂದದ್ದು ಅವಳಿಗೆ. ಒಮ್ಮೆ ಬಸ್ಸಿನಲ್ಲಿ ಅವಳಿಗೆ ಹಾಗೆಯೇ ಹೇಳಿಯೂ ಬಿಟ್ಟೆ.

“ಹೌದಲ್ಲ ಅಕ್ಕಾ, ನಿನ್ನ ನೋಡೇ ಗೊತ್ತಾಗಿದ್ದು” ಎಂದು ಕಿಟಕಿಯ ಕಡೆ ತಿರುಗಿ ಶೇಂಗಾ ಸುಲಿಯುತ್ತ ಕೂತಳು. ಎಡಗೈಯಿಂದ. ಜಗಳವಾಡಲೂ ಅವಳು ಜಾಗ ಕೊಡುತ್ತಿರಲಿಲ್ಲ.

ನಾನು ನಿವೃತ್ತಳಾಗುವ ಹೊತ್ತಿಗೆ ಕಾಲವೇ ಬದಲಾಗಿತ್ತು. ಹಿಂಜವಾಡಿಯ ಹೊಸ ಮನೆಗಳಿಂದ ಬರುವ ತಾಯಂದಿರು, “ನಮ್ಮ ಮಗು ಲೆಫ್ಟಿ” ಎಂದು ಬಹುಮಾನ ಬಂದವರಂತೆ ಹೇಳುತ್ತಿದ್ದರು. ಥಿಯೇಟರಿಗೆ ಸೇರಿದ ಒಬ್ಬ ಹುಡುಗಿ ಮೊದಲ ದಿನವೇ, “ಸಿಸ್ಟರ್, ನಾನು ಲೆಫ್ಟ್ ಹ್ಯಾಂಡ್, ನನಗೆ ಬೇರೆ ಕತ್ತರಿ ಬೇಕು” ಎಂದಳು. ತರಿಸಿಕೊಟ್ಟರು. ನಾನು ಆ ಕತ್ತರಿಯನ್ನು ಯಾರೂ ಇಲ್ಲದಾಗ ಎಡಗೈಗೆ ಹಾಕಿ ಒಂದು ಗಾಜ್ ಬಟ್ಟೆ ಕತ್ತರಿಸಿ ನೋಡಿದೆ. ಬಟ್ಟೆ ಎಲ್ಲೆಲ್ಲೋ ಹರಿಯಿತು. ಆ ಕೈಗೆ ಏನೂ ಬರುತ್ತಿರಲಿಲ್ಲ. ಬಲಗೈಯವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಎಡಗೈಯವರ ಮೇಲೆ ಇದೆ ಎಂದು ಅಂದು ಸ್ಪಷ್ಟವಾಗಿ ತಿಳಿಯಿತು.

ಹೋದ ವರ್ಷ ಸುಮಾಳಿಗೆ ಪಾರ್ಶ್ವವಾಯು ಬಡಿಯಿತು. ಎಡಭಾಗ ಬಿದ್ದುಹೋಯಿತು. ಮಾತು ಸ್ವಲ್ಪ ತೊದಲುತ್ತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಆ ಎಡಗೈ ಹಾಸಿಗೆಯ ಮೇಲೆ ಯಾರೋ ಮರೆತುಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ಅದನ್ನು ನೋಡಿದಾಗ ನನ್ನ ಮನಸ್ಸಿನಲ್ಲಿ ಏನೇನು ಬಂತೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ಸಂತೋಷ ಮಾತ್ರ ಆಗಲಿಲ್ಲ. ಇಷ್ಟು ವರ್ಷ ನಾನು ಕಣ್ಣು ಹಾಕಿದ್ದ ವಸ್ತು ಇನ್ನು ಯಾರಿಗೂ ಇಲ್ಲ ಎಂದುಕೊಂಡು ಅದನ್ನೆತ್ತಿ ದಿಂಬಿನ ಮೇಲೆ ಇಟ್ಟೆ.

ಅವಳ ಮನೆ ಕೋಥರೂಡದಲ್ಲಿ. ಗಂಡ ಆಫೀಸಿಗೆ ಹೋಗಬೇಕು. ನಾನು ನಿಗಡಿಯಿಂದ ದಿನಾ ಮಧ್ಯಾಹ್ನ ಬಸ್ಸು ಬದಲಿಸಿ ಹೋಗುತ್ತಿದ್ದೆ. ಬೆಳಿಗ್ಗೆ ಬರುವ ಫಿಜಿಯೋಥೆರಪಿಯ ಹುಡುಗಿ ಬಲಗೈಯಿಂದ ಉಣ್ಣುವುದು, ಬಾಚಿಕೊಳ್ಳುವುದು, ಬರೆಯುವುದನ್ನು ಕಲಿಸುತ್ತಿದ್ದಳು. ಸಂಜೆ ಅದನ್ನೇ ಮತ್ತೆ ಮಾಡಿಸುವುದು ನನ್ನ ಕೆಲಸ. ಎಡಗೈ ಬಿಟ್ಟು ಬಲಗೈ ಹಿಡಿಯುವುದು ಹೇಗೆಂದು ನಮ್ಮ ಮನೆಯಲ್ಲಿ ಬಲ್ಲವಳು ನಾನೊಬ್ಬಳೇ ಇದ್ದೆ. ಪೆನ್ಸಿಲ್ ಕೊಟ್ಟು, ಅವಳ ಬಲಗೈಯ ಮೇಲೆ ನನ್ನ ಕೈ ಇಟ್ಟು ಅಕ್ಷರ ತಿದ್ದಿಸುತ್ತಿದ್ದೆ. ಅ ಆ ಇ ಈ.

ಅವಳು ಬೇಗ ಕಲಿತಳು. ನಾನು ಏಟು ತಿಂದು ವರ್ಷಗಟ್ಟಲೆ ಕಲಿತದ್ದನ್ನು ಅವಳು ಐವತ್ತು ದಾಟಿದ ಮೇಲೆ, ಅರ್ಧ ಮೈ ಬಿದ್ದ ಮೇಲೆ, ನಗುನಗುತ್ತ ಕಲಿತಳು. ಹಾಗೆನ್ನಿಸಿದಾಗ ನನಗೇ ನನ್ನ ಬಗ್ಗೆ ಬೇಸರವಾಯಿತು. ಸಾಯುವ ಕಾಯಿಲೆಯಲ್ಲಿ ಬಿದ್ದವಳ ಮೇಲೂ ಹೊಟ್ಟೆಕಿಚ್ಚೇ?

ಒಂದು ಸಂಜೆ ನಾನು ತಡೆಯಲಾರದೆ ಅಂದುಬಿಟ್ಟೆ.

“ನೀ ಭಾಳ ಪುಣ್ಯ ಮಾಡಿದ್ದಿ ನೋಡು ಸುಮಾ. ಹೊಡಿಸ್ಕೊಳ್ಳದ ಕಲಿಯಾಕ ಹತ್ತಿ. ಅವ್ವ ನಿನಗ ಒಂದ ದಿನಾನೂ ಕೈ ಎತ್ತಲಿಲ್ಲ. ‘ಇರ್ಲಿ ಬಿಡು’ ಅಂದ್ಲು.”

ಸುಮಾ ಪೆನ್ಸಿಲ್ ನಿಲ್ಲಿಸಿದಳು.

“ಯಾವಾಗ ಅಂದ್ಲು ಅಕ್ಕಾ ಹಂಗ? ಏನ್ ಮಾಡ್ತಾ ಕೂತಿದ್ಲು ಅವಾಗ?”

ನನಗೆ ನೆನಪಿರಲಿಲ್ಲ. ಅವಳಿಗಿತ್ತು. ಅವಳು ನಿಧಾನವಾಗಿ, ತೊದಲುತ್ತ, ಒಂದೊಂದೇ ಮಾತು ಹೇಳಿದಳು.

“ದಿನಾ ಸಂಜಿಗೆ ನಿನ್ನ ತೊಡಿ ಮ್ಯಾಲ ಕೂಡಿಸ್ಕೊಂಡಂಗ ಕೂಡಿಸ್ಕೊಂಡು, ನಿನ್ನ ಕೈ ಹಿಡದು ಬರಸ್ತಿದ್ಲು. ಧಾರವಾಡದಾಗ ಚಾಲೂ ಮಾಡಿದ್ದು ಇಲ್ಲಿ ಬಂದ ಮ್ಯಾಲೂ ಬಿಡಲಿಲ್ಲ. ಅಕ್ಕನ ಅಕ್ಷರ ಇನ್ನೂ ಸೊಟ್ಟ ಅದ, ಅಕ್ಕನ ಅಕ್ಷರ ಇನ್ನೂ ಸೊಟ್ಟ ಅದ. ಅದ ಹಾಡು. ನಾ ಬಾಜೂಕ ನಿಂತು ಸೆರಗ ಜಗ್ಗತಿದ್ದೆ. ತಾಟಿನ್ಯಾಗ ಎಡಗೈ ಹಾಕಿ ತೋರಸ್ತಿದ್ದೆ, ನನಗೂ ಬೈದು ಹತ್ರ ಕೂಡಿಸ್ಕೊಳ್ಳಲಿ ಅಂತ. ಇರ್ಲಿ ಬಿಡು ಅಂತಿದ್ಲು. ತಿರುಗಿ ಸೈತ ನೋಡ್ತಿರಲಿಲ್ಲ.”

ಅವಳು ಸುಧಾರಿಸಿಕೊಂಡು ಮತ್ತೆ ಅಂದಳು.

“ನನ್ನ ಕೈ ಯಾರೂ ಹಿಡೀಲಿಲ್ಲ ಅಕ್ಕಾ. ನಿನ್ನ ಮ್ಯಾಲೆ ನನಗ ಎಷ್ಟ ಹೊಟ್ಟಿಕಿಚ್ಚ ಇತ್ತು ಗೊತ್ತದೇನ ನಿನಗ.”

ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ, ಉಕ್ಕಿ ಚೆಲ್ಲುವವರೆಗೂ ನೋಡುತ್ತ ನಿಂತಿದ್ದೆ. ಅವ್ವನ ಕೈಯ ಬಿಸಿ ನನಗೆ ನೆನಪಾಗಲಿಲ್ಲ. ಸೌಟು ಮಾತ್ರ ನೆನಪಿತ್ತು. ಬಾಜೂಕೆ ನಿಂತು ನೋಡಿದವಳಿಗೆ ಕೈ ನೆನಪಿತ್ತು.

ಕೆಲವು ದಿನಗಳ ಮೇಲೆ ಒಮ್ಮೆ ನಾನು ಬೆಳಿಗ್ಗೆಯೇ ಹೋಗಬೇಕಾಯಿತು. ಫಿಜಿಯೋಥೆರಪಿಯ ಹುಡುಗಿ ಇನ್ನೂ ಇದ್ದಳು. ಬಾಗಿಲಲ್ಲಿ ನಿಂತು ನೋಡಿದೆ. ಸುಮಾ ಯಾರ ಕೈಯ ಆಸರೆಯೂ ಇಲ್ಲದೆ, ನೆಟ್ಟಗೆ, ದುಂಡಗೆ ಬರೆಯುತ್ತಿದ್ದಳು. ಹುಡುಗಿ ಮರಾಠಿಯಲ್ಲಿ, “ಇವರಿಗೆ ಬರವಣಿಗೆ ಬಂದು ತಿಂಗಳಾಯಿತಲ್ಲ ಮಾವಶಿ” ಎಂದಳು. ಸುಮಾ ನನ್ನನ್ನು ನೋಡಿ ಪೆನ್ಸಿಲ್ ಕೆಳಗಿಟ್ಟಳು. ಹಿಂದಿನ ದಿನ ಸಂಜೆಯಷ್ಟೇ ನನ್ನ ಮುಂದೆ ಅವಳ ಗೆರೆ ಸೊಟ್ಟಸೊಟ್ಟಗೆ ಓಡಿತ್ತು.

ಅಂದು ಸಂಜೆಯೂ ಎಂದಿನಂತೆ ಕೂತೆವು. ಅವಳ ಬಲಗೈಯ ಮೇಲೆ ನನ್ನ ಕೈ ಇಟ್ಟೆ. ಅವಳು ಅಕ್ಷರವನ್ನು ಬೇಕೆಂದೇ ಪಕ್ಕಕ್ಕೆ ಎಳೆದಳು. ನಾನು ಬಿಗಿಯಾಗಿ ಹಿಡಿದು ಸಾಲಿಗೆ ತಂದೆ. ಮತ್ತೆ ಎಳೆದಳು, ಮತ್ತೆ ತಂದೆ. ಹೊರಗೆ ಸೊಸೈಟಿಯ ಅಂಗಳದಲ್ಲಿ ಸ್ಕೂಟರುಗಳು ಒಂದೊಂದಾಗಿ ಬಂದು ನಿಲ್ಲುತ್ತಿದ್ದವು, ನನ್ನ ಬಸ್ಸಿನ ಹೊತ್ತು ಮೀರುತ್ತಿತ್ತು.

“ಅಕ್ಷರ ಇನ್ನೂ ಸೊಟ್ಟ ಅದ ನೋಡು” ಎಂದೆ.

“ಹೂಂ” ಎಂದಳು ಸುಮಾ. “ಇನ್ನೊಂದ ಸಾಲ ಬರಸು.”